ವಲ್ಲಿಯ ಮರೆಯ ದರ

ಗಂಜಿಯ ಅಗುಳನ್ನು ಮಗಳಿಗೆ ಬಡಿಸಿ, ತಿಳಿಯನ್ನು ಕರುವಿಗೆ ಕುಡಿಸಿ, ಜವರಿ ತಾನು ಮಡಕೆ ತೊಳೆದ ನೀರು ಕುಡಿದು ಮಲಗಿದ ದಿನಗಳು ಬೇಕಾದಷ್ಟಿದ್ದವು. ಗಂಡ ಚಳಿಜ್ವರದಲ್ಲಿ ಸತ್ತ ಮೇಲೆ ಹಾಗೆ ಸಾಕಿದ ಕರು ಈಗ ಉಳುವ ಎತ್ತಾಗಿತ್ತು. ಒಳ್ಳೆಯ ದರಕ್ಕೆ ಹೋದರೆ ಎರಡು ಎಳೆಗರು ಕೊಂಡು ಮತ್ತೆ ಸಾಕಬಹುದು. ಇಲ್ಲವಾದರೆ ಮಗಳು ಯಮುನಳನ್ನು ಕರೆದುಕೊಂಡು ಬಿಳಿ ದೊರೆಯ ಕಾಫಿ ಎಸ್ಟೇಟಿನ ಕೂಲಿ ಲೈನಿಗೆ ಹೋಗಿ ಬೀಳಬೇಕು. ಲೈನಿಗೆ ಹೋದ, ಊರಾಚೆಯ ತನ್ನ ಕೇರಿಯ ಹೆಣ್ಣುಮಕ್ಕಳು ಹೇಗೆ ವಾಪಸು ಬಂದರೆಂದು ಜವರಿ ಕಣ್ಣಾರೆ ಕಂಡಿದ್ದಳು.

ಕುಶಾಲನಗರದ ದನದ ಸಂತೆಯಲ್ಲಿ ದರವನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ದಲ್ಲಾಳಿ ಪರಮೇಶಪ್ಪ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹರಡುತ್ತಿದ್ದ. ಅದರಡಿ ಅವನೂ ಮಾರುವವನೂ ಬೆರಳು ಹಿಡಿದು ದರ ತಿಳಿಸಿಕೊಂಡೇ ವ್ಯಾಪಾರ ಮುಗಿಸುತ್ತಿದ್ದರು. ಕೇರಿಯವರ ಕೈಯನ್ನು ಪರಮೇಶಪ್ಪ ಮುಟ್ಟುವುದುಂಟೆ? ಅವರ ಪರವಾಗಿ ಬೆರಳು ಕೊಡಲು ಅವನ ಷಡ್ಡಕ ಚನ್ನಮಲ್ಲಪ್ಪನಿದ್ದ. ಬಟ್ಟೆಯಡಿ ಇಬ್ಬರೂ ಏನು ಮಾತಾಡಿಕೊಂಡರೋ ದೇವರಿಗೇ ಗೊತ್ತು. ಹೊರಗೆ ಚನ್ನಮಲ್ಲಪ್ಪ ಹೇಳಿದ್ದೇ ದರ.

"ಈ ವಾರ ಗಿರಾಕಿ ಇಲ್ಲ ಕಣ್ರೋ. ದರ ಬಿದ್ದೋಗೈತೆ."

ಗದ್ದೆಯವರು ಎತ್ತಿಗಾಗಿ ಮುಗಿಬೀಳುವ ಮಳೆಗಾಲದ ಮುಂಚಿನ ವಾರಗಳಲ್ಲೂ ಅದೇ ಮಾತು. ಸುಗ್ಗಿಯಾದ ಮೇಲೂ ಅದೇ ಮಾತು. ಕೇರಿಯ ದನ ಸಂತೆ ಹೊಕ್ಕ ಕೂಡಲೇ ಗಿರಾಕಿಗಳೆಲ್ಲ ಸತ್ತು ಬೀಳುತ್ತಿದ್ದರೇನೋ.

ಆ ಮಂಗಳವಾರ ಜವರಿ ಎತ್ತು ಹೊಡೆದುಕೊಂಡು ಹೊರಟಾಗ ಕೇರಿಯ ಲಿಂಗನೂ ಜೊತೆಯಾದ. ಅವನು ಬಾಳೆಲೆ ಊರಿನಲ್ಲಿ ಗದ್ದೆ ಉತ್ತು ಬಂದಿದ್ದ.

"ಹೋದ ತಿಂಗಳು ಮಾರಿದ್ನಲ್ಲ ಅಕ್ಕ, ನನ್ನೆತ್ತು, ಅದನ್ನೇ ಕಟ್ಟಿಕೊಟ್ರು ಉಳಾಕೆ. ನನ್ನ ಕಂಡು ಕೈ ನೆಕ್ತು."

"ಯಾರು ತಗೊಂಡಿದ್ರು?"

"ಅಲ್ಲೊಬ್ರು ಯಜಮಾನ್ರು. ಐವತ್ತು ಕೊಟ್ಟು ತಂದೀನಿ, ಹುಷಾರಾಗಿ ಹೊಡಿ ಅಂತ ನನಗೇ ಹೇಳಿದ್ರು. ಚನ್ನಮಲ್ಲಪ್ಪ ನನ್ನ ಮುಂದೆ ಎಸೆದದ್ದು ಮೂವತ್ತು."

"ನೀನೇನಂದೆ?"

"ಏನನ್ನಲಿ ಅಕ್ಕ. ಹೂಂ ಅಂದೆ."

ಜವರಿಗೆ ಚನ್ನಮಲ್ಲಪ್ಪನ ಮೇಲೆ ಸಿಟ್ಟು ಉಕ್ಕಿತು. ಲಿಂಗನ ಮೇಲೂ ಸಿಟ್ಟು ಬಂತು. ತಾನೂ ಇಷ್ಟು ವರ್ಷ ಹೂಂ ಎಂದವಳೇ ಅಲ್ಲವೆ ಎಂದು ನೆನಪಾಗಿ ಎತ್ತಿನ ಹಗ್ಗ ಬಿಗಿಹಿಡಿದು ನಡೆದಳು.

ಸಂತೆಯಲ್ಲಿ ಬಾಳೆಲೆ ಕಡೆಯ ಗಿರಾಕಿಯೊಬ್ಬ ಅವಳ ಎತ್ತಿನ ಹಲ್ಲು ನೋಡಿ, ಬೆನ್ನು ತಟ್ಟಿ, ಬೇಕೆಂದು ನಿಂತ. ಚನ್ನಮಲ್ಲಪ್ಪ ಹಗ್ಗಕ್ಕೆ ಕೈಚಾಚಿದ.

"ಕೊಡವ್ವ. ಈ ವಾರ ದರ ಬಿದ್ದೈತೆ, ಆದ್ರೂ ನೋಡಾನ."

"ನಾನೇ ಕೇಳ್ತೀನಿ ಬುದ್ದಿ. ಬಾಯಲ್ಲಿ ಹೇಳ್ಲಿ."

ಪರಮೇಶಪ್ಪ ನಕ್ಕ. "ನಮ್ಮಪ್ಪನ ಕಾಲದಿಂದ್ಲೂ ಬಟ್ಟೆ ಮರೇಲೇ ದರ. ನಿನಗೊಬ್ಬಳಿಗೆ ಬಾಯಿ ಬಿಡಬೇಕಾ?"

ಅವನು ವಲ್ಲಿ ಹರಡಿದ. ಷಡ್ಡಕನ ಕೈ ಒಳಗೆ ಹೋಯಿತು. ಜವರಿ ನೇರ ಮುಂದೆ ಹೋಗಿ ಅದೇ ವಲ್ಲಿಯಡಿಗೆ ತನ್ನ ಕೈಯನ್ನೂ ತೂರಿಸಿದಳು.

ಕೆಂಡ ತುಳಿದವನಂತೆ ಪರಮೇಶಪ್ಪ ಹಾರಿದ. ವಲ್ಲಿ ಸಗಣಿಯಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಸಂತೆಯ ಸುಂಕ ಎತ್ತಲು ಬಂದಿದ್ದ ಬಿಲ್ಲೆ ಜವಾನನನ್ನು ಕೂಗಿದ.

"ಹಿಡ್ಕೊಳ್ಳೋ ಅವಳನ್ನ. ಮೈಲಿಗೆ ಮಾಡಿಬಿಟ್ಟಳು."

"ಯಾವ ಕೈಯಲ್ಲಿ ಹಿಡೀಲಿ ಸ್ವಾಮಿ? ನಾನು ಮನೆಗೆ ಹೋಗಬೇಡ್ವಾ?" ಎಂದು ಜವಾನ ಇನ್ನೂ ಹಿಂದಕ್ಕೆ ಸರಿದ.

ಚನ್ನಮಲ್ಲಪ್ಪ ವ್ಯಾಪಾರಕ್ಕೆಂದು ತನ್ನ ವಲ್ಲಿ ಬಿಚ್ಚಿದ. ಕಡಸು ಮಾರಲು ಬಂದಿದ್ದ ಕೇರಿಯ ಮುದುಕಿ ಚಿನ್ನಿ ಕೋಲೂರಿಕೊಂಡು ಬಂದು ಅದರ ತುದಿ ಹಿಡಿದಳು. ಬಟ್ಟೆ ಅಂಗಡಿಯಿಂದ ಹೊಸದೊಂದು ಬಂತು. ಲಿಂಗ ಹೋಗಿ ಅದನ್ನು ಮುಟ್ಟಿದ. ಹಗ್ಗ ಹಿಡಿದ ಕೇರಿಯವರೆಲ್ಲ ಅವನ ಹಿಂದೆ ಬಂದು ನಿಂತರು. ಆಮೇಲೆ ಪರಮೇಶಪ್ಪನಿಗೆ ಎರವಲು ಕೊಡಲು ಯಾರ ಹೆಗಲಿನ ವಲ್ಲಿಯೂ ಕೆಳಗಿಳಿಯಲಿಲ್ಲ.

ಬಾಳೆಲೆಯವನು ಮೋಡ ನೋಡಿದ. "ಮಳೆ ಹಿಡಿದರೆ ನನ್ನ ಗದ್ದೆ ಯಾರು ಉಳೋದು? ನನಗೆ ಬೇಕಾದ್ದು ಎತ್ತು, ನಿಮ್ಮ ಬಟ್ಟೆ ಅಲ್ಲ. ನಲವತ್ತೈದು ಕೊಡ್ತೇನೆ."

ಕೇರಿಯ ದನದ ದರ ಆ ಬಯಲಲ್ಲಿ ಬಾಯಿಂದ ಬಂದದ್ದು ಅದೇ ಮೊದಲು.

"ಲಿಂಗನ ಎತ್ತಿಗೆ ನಿಮ್ಮೂರವರು ಐವತ್ತು ಕೊಟ್ಟವ್ರೆ. ನನ್ನದು ಅದಕ್ಕಿಂತ ಎಳೇದು," ಎಂದಳು ಜವರಿ.

ಅವನು ಗೊಣಗಿದ. ಸೊಂಟದ ಚೀಲ ಬಿಚ್ಚಿ ಐವತ್ತು ಎಣಿಸಿದ. ನೆಲದ ಮೇಲಿಡಲು ಬಗ್ಗಿದ.

"ಕೈಗೆ ಕೊಡಿ," ಎಂದಳು ಜವರಿ. ಹಗ್ಗ ಬಿಡಲಿಲ್ಲ.

ಅವನು ಅತ್ತಿತ್ತ ನೋಡಿದ. ಮೊದಲ ಹನಿ ಅವನ ಕುತ್ತಿಗೆಯ ಮೇಲೆಯೇ ಬಿತ್ತು. ರೂಪಾಯಿಗಳನ್ನು ಅವಳ ಕೈಗೆ ಹಾಕಿ ಹಗ್ಗ ತೆಗೆದುಕೊಂಡ. ಜವರಿ ಎತ್ತಿನ ಕೊರಳಡಿಯ ಗಂಗೆದೊಗಲು ಸವರಿದಳು. ಕಣ್ಣು ತುಂಬಿ ಬಂತು, ಒರೆಸಿಕೊಂಡಳು.

ಅಷ್ಟರಲ್ಲಿ ಬೇರೆ ಊರಿನ ಗೌಡನೊಬ್ಬ ಪರಮೇಶಪ್ಪನನ್ನು ಕೇಳಿದ: "ಹೋದ ವಾರ ನನ್ನ ಎತ್ತಿನ ಜೋಡೀನ ಗಿರಾಕಿಗೆ ಎಷ್ಟಕ್ಕೆ ದಾಟಿಸಿದ್ರಿ ಸ್ವಾಮಿ? ಬಾಯಲ್ಲಿ ಹೇಳಿ, ಕೇಳಾನ."

ಪರಮೇಶಪ್ಪ ಅವನನ್ನು ಬಿಟ್ಟು ಜವರಿಯ ಕಡೆ ತಿರುಗಿ ಹಲ್ಲು ಕಡಿದ.

"ಬರೋ ವಾರ ನಿಮ್ಮ ಕೇರಿಯ ಒಂದು ದನಾನೂ ಇಲ್ಲಿ ಕಾಲಿಡಕೂಡದು."

"ಬತ್ತೀವಿ ಪರಮೇಶಪ್ಪೋರೆ," ಎಂದಳು ಜವರಿ. ಬುದ್ದಿ ಎನ್ನಲಿಲ್ಲ. "ಕೇರಿಯೋರೆಲ್ಲಾ ಬತ್ತೀವಿ. ನೀವು ಎಷ್ಟು ವಲ್ಲಿ ತರ್ತೀರೋ ತನ್ನಿ."