ರುದ್ರವ್ವ ಎಣ್ಣೆ ಹಚ್ಚಿದ ಸುಣ್ಣಕಲ್ಲು

ಅಮಾವಾಸ್ಯೆಯ ಬೆಳಿಗ್ಗೆ ರೇಣು ಸ್ನಾನ ಮುಗಿಸಿ ಬಂದಾಗ ಅವಳ ಐದೂ ಕಲ್ಲುಗಳು ದೇವರ ಜಗಲಿಯ ಮುಂದೆ ಸಾಲಾಗಿ ಕೂತಿದ್ದವು. ಮೈತುಂಬ ಎಣ್ಣೆ, ಅದರ ಮೇಲೆ ಮೂರು ಗೆರೆ ವಿಭೂತಿ, ತಲೆಗೊಂದು ದಾಸವಾಳ.

"ಅಜ್ಜೀ! ಇವು ನನ್ನ ಪ್ರಾಕ್ಟಿಕಲ್ ಕಲ್ಲು!"

"ಅದಕ್ಕ ಇಷ್ಟು ಚಂದ ತೊಳದೀನಿ," ಎಂದಳು ರುದ್ರವ್ವ, ಊದಿನಕಡ್ಡಿ ತಿರುಗಿಸುತ್ತ. "ಊರಾಗ ಅಮಾಸಿಗೆ ಬೀಸೋಕಲ್ಲು, ಒಳ್ಳು ಎಲ್ಲಾ ಪೂಜಾ ಮಾಡ್ತಿದ್ವಿ. ಈ ಮರಾಠಿ ಸೀಮ್ಯಾಗ, ಈ ನಿಗಡಿ ಫ್ಲ್ಯಾಟಿನ್ಯಾಗ ಏನದ? ಮಿಕ್ಸರ್. ಹನ್ನೊಂದು ವರ್ಷ ಮಿಕ್ಸರಿಗೆ ವಿಭೂತಿ ಹಚ್ಚಿ ನನಗೂ ಬ್ಯಾಸರಾಗಿತ್ತು, ಅದಕ್ಕೂ ಬ್ಯಾಸರಾಗಿತ್ತು."

ಚಪ್ಪಟೆಯಾದ ಬೂದುಗಲ್ಲನ್ನು ಅವಳು ಅಕ್ಕರೆಯಿಂದ ಸವರಿದಳು. ಅಡುಗೆಮನೆಯ ಕಟ್ಟೆ ಒಡೆದಾಗ ಉಳಿದಿದ್ದ, ಅಜ್ಜಿಯ ತವರಿನ ಕಡೆಯ ಶಹಾಬಾದ್ ಫರಸಿಯ ತುಂಡು ಅದು; ರೇಣುವಿನ ಡಬ್ಬಿಯ ಸುಣ್ಣಕಲ್ಲು. "ಇದು ನನ್ನ ತವರಮನಿ ಕಲ್ಲು. ಇದಕ್ಕ ಎರಡ ಸಲ ಎಣ್ಣಿ ಕುಡಿಸೀನಿ. ಮುಕ್ಕಾಗದಂಗ ತರಬೇಕು ಮತ್ತ."

ಹತ್ತೂವರೆಗೆ ಭೂವಿಜ್ಞಾನದ ಮೌಖಿಕ ಪರೀಕ್ಷೆ. ಕಲ್ಲಿನ ಡಬ್ಬಿ ಪಾಸಾದವರಿಗೆ ಮಾತ್ರ ಭೋರ್ ಘಾಟಿನ ಮೂರು ದಿನದ ಪ್ರವಾಸ ಎಂದು ಅಮೇಯ ಸರ್ ಖಡಾಖಂಡಿತ ಹೇಳಿದ್ದರು. ರೇಣು ಆಗಲೇ ಹಳದಿ ಟೋಪಿ ಕೊಂಡಿದ್ದಳು; ಗೆಳತಿ ನೀತಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟಿದ್ದಳು. ತೊಳೆಯಲು ಹೊತ್ತಿಲ್ಲ. ಬಸ್ಸಿನಲ್ಲಿ ನಿಂತೇ ಓಢಣಿಯಿಂದ ಐದನ್ನೂ ಗಸಗಸ ಒರೆಸಿದಳು. ವಿಭೂತಿ ಹೋಯಿತು, ಅಂದುಕೊಂಡಳು.

ಪ್ರಯೋಗಾಲಯದಲ್ಲಿ ಅಮೇಯ ಸರ್ ಆಮ್ಲದ ಡ್ರಾಪರ್ ಹಿಡಿದು ನಿಂತಿದ್ದರು. ರೇಣು ಪಟಪಟ ಒದರಿದಳು: ಬಸಾಲ್ಟು ಲಾವಾ ತಣಿದು ಆದದ್ದು, ಸುಣ್ಣಕಲ್ಲು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು, ಅದರೊಳಗೆ ಕ್ಯಾಲ್ಸಿಯಂ ಕಾರ್ಬೊನೇಟು, ಆಮ್ಲ ಬಿದ್ದರೆ ಕಾರ್ಬನ್ ಡೈಆಕ್ಸೈಡು ಬಿಟ್ಟು ನೊರೆ ಕಾರುತ್ತದೆ.

"ದಾಖವ್," ಎಂದರು ಸರ್. ತೋರಿಸು.

ಸುಣ್ಣಕಲ್ಲಿನ ಮೇಲೆ ಹನಿ ಬಿತ್ತು. ಮುತ್ತಿನ ಹಾಗೆ ಉರುಳಿ ಮೇಜಿಗೆ ಇಳಿಯಿತು. ನೊರೆಯಿಲ್ಲ, ಗುಳ್ಳೆಯಿಲ್ಲ.

ಸರ್ ಹುಬ್ಬೇರಿಸಿ ಇನ್ನೊಂದು ಹನಿಯನ್ನು ಬಸಾಲ್ಟಿಗೆ ಹಾಕಿದರು. ಸುಯ್ ಎಂದಿತು ಬಸಾಲ್ಟು. ಅದರ ಸಣ್ಣ ಸಣ್ಣ ತೂತುಗಳಿಂದ ಬಿಳಿ ನೊರೆ ಎದ್ದು ಬಂತು.

"ಅರೇ ಬಾಪ್‌ರೇ!" ಎಂದರು ಸರ್, ಇನ್ನಷ್ಟು ಹನಿ ಹಾಕುತ್ತ. ನೊರೆ ಇಡೀ ಕಲ್ಲಿಗೆ ಹಬ್ಬಲಿಲ್ಲ. ಸರಿಯಾಗಿ ಮೂರು ಅಡ್ಡ ಗೆರೆಯಲ್ಲಿ ಎದ್ದಿತು.

ನೀತಾ ಕಿವಿಯಲ್ಲಿ ಪಿಸುಗುಟ್ಟಿದಳು: "ಲೇ, ನಿನ್ನ ಬಸಾಲ್ಟು ಯಾವ ಮಠದ್ದು?"

ರೇಣುವಿನ ಹಳದಿ ಟೋಪಿ ಕಣ್ಣೆದುರೇ ಹಾರಿಹೋಯಿತು. ಸುಳ್ಳೊಂದು ಹುಡುಕಿದಳು, ಸಿಗಲಿಲ್ಲ. ಕೊನೆಗೆ ಮರಾಠಿಯಲ್ಲಿ ನಿಜವನ್ನೇ ಹೇಳಿದಳು: ಅಮಾವಾಸ್ಯೆ, ಅಜ್ಜಿ, ಮಿಕ್ಸರ್. ತೂತಿನಲ್ಲಿ ಉಳಿದ ವಿಭೂತಿಯಲ್ಲಿ ಕಾರ್ಬೊನೇಟಿದೆ, ನೊರೆ ಅದರದ್ದು. ಸುಣ್ಣಕಲ್ಲು ಎಣ್ಣೆ ಕುಡಿದಿದೆ, ಆಮ್ಲ ಅದರ ಮೈ ಮುಟ್ಟುತ್ತಲೇ ಇಲ್ಲ.

"ಸಾಬೀತು ಮಾಡು," ಎಂದು ಸರ್ ಸುತ್ತಿಗೆ ಮುಂದಿಟ್ಟರು.

ತವರುಮನೆಯ ಕಲ್ಲು. ರೇಣು ಕಣ್ಣು ಮುಚ್ಚಿ ಒಂದೇ ಏಟು ಹಾಕಿದಳು. ಒಡೆದ ಹೊಸ ಮುಖದ ಮೇಲೆ ಹನಿ ಬಿದ್ದದ್ದೇ ತಡ, ಸೋಡಾ ಬಾಟಲಿ ಬಿಚ್ಚಿದಂತೆ ನೊರೆ ಉಕ್ಕಿತು.

"ಉಪಯೋಗ ಹೇಳು," ಎಂದರು ಸರ್, ನಗು ತಡೆಯುತ್ತ.

"ಸಿಮೆಂಟು, ಉಕ್ಕಿನ ಕುಲುಮೆ, ಸಕ್ಕರೆ ಕಾರ್ಖಾನೆ..." ಅಲ್ಲಿಗೆ ತಲೆ ಖಾಲಿ. ಅಜ್ಜಿಯ ಎಲೆ-ಅಡಿಕೆ ಚೀಲ ನೆನಪಾಯಿತು. "ಸುಟ್ಟರೆ ಸುಣ್ಣ, ನೀರು ಹಾಕಿದರೆ ಕುದಿಯುತ್ತದೆ, ಎಲೆಗೆ ಹಚ್ಚಬಹುದು. ಗೋಡೆಗೆ ಬಳಿದರೆ ಗಾಳಿ ಕುಡಿದು ಮತ್ತೆ ಕಲ್ಲೇ ಆಗುತ್ತದೆ, ಸರ್."

ಸರ್ ಡಬ್ಬಿಯ ಮೇಲೆ ಸಹಿ ಹಾಕಿದರು. "ಅಜ್ಜಿಯನ್ನೂ ಪ್ರವಾಸಕ್ಕೆ ಕರೆದುಕೊಂಡು ಬಾ."

ಸಂಜೆ ರುದ್ರವ್ವ ಬಾಗಿಲಲ್ಲೇ ಕಾದಿದ್ದಳು. "ಪಾಸಾದಿ?"

"ಆದೆ ಅಜ್ಜಿ. ಆದ್ರ..." ರೇಣು ಎರಡು ತುಂಡು ಹೊರಗೆ ತೆಗೆದಳು.

ರುದ್ರವ್ವ ಎರಡನ್ನೂ ತಿರುಗಿಸಿ ನೋಡಿದಳು.

"ಚಲೋನ ಆತು ಬಿಡು. ಒಂದು ನಿನ್ನ ಡಬ್ಬಿಗೆ, ಒಂದು ನನ್ನ ಜಗಲಿಗೆ," ಎಂದು ಎಣ್ಣೆ ಬಾಟಲಿಗೆ ಕೈ ಚಾಚಿದಳು. "ತಾ ಇಲ್ಲೆ, ಒಡದ ಮಾರಿ ಒಣಗ್ಯದ ನೋಡು."

"ಅಜ್ಜೀ, ನಂದು ಬಿಡು!"