ಐದನೇ ತಿರುವಿನ ಧೂಳು

ಇಪ್ಪತ್ತೊಂದು ವರ್ಷದಿಂದ ಕಾರು, ಬೈಕು ಕಲಿಸುವ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ದಿನಕ್ಕೆ ಎಂಟು ಜನ ಹೊಸಬರ ಪಕ್ಕ ಕೂತು ಜೀವಂತ ಮನೆಗೆ ಬರುವವಳಿಗೆ ಅದು ಇನ್ನೆಲ್ಲಿರಬೇಕು ಹೇಳಿ? ನಮ್ಮ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಅದರ ರಬ್ಬರ್ ಎರಡು ಸಲ ಸವೆದು ಬದಲಾಗಿದೆ. ಕಲಿಯುವವರ ಕಡೆಯದು ಇನ್ನೂ ಹೊಸದರಂತೆಯೇ ಇದೆ.

ಎಲ್ಲಾದರೂ ಗುದ್ದಿದ ಮೇಲೆ ಜನ ಹೇಳುವ ನೆಪಗಳನ್ನು ಬರೆದು ಆಫೀಸಿನ ಗೋಡೆಗೆ ಅಂಟಿಸಿದ್ದೇನೆ. ಬಿಸಿಲು ಕಣ್ಣಿಗೆ ಹೊಡೀತು. ನಾಯಿ ಅಡ್ಡ ಬಂತು. ಚಪ್ಪಲಿ ಜಾರಿತು. ರಸ್ತೆಯಲ್ಲಿ ಧೂಳಿತ್ತು. ಒಟ್ಟು ಮೂವತ್ತೆರಡಿವೆ. ಒಬ್ಬ ಪುಣ್ಯಾತ್ಮ ಕಂಬವೇ ಸ್ವಲ್ಪ ಮುಂದೆ ಬಂದಿತ್ತು ಎಂದಿದ್ದ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಅದನ್ನು ಓದಿ ಹೇಳಿ, "ಇದ್ರಲ್ಲಿರೋದು ಯಾವುದನ್ನೂ ನನ್ನ ಹತ್ರ ತರಬೇಡಿ, ಹೊಸದಿದ್ರೆ ಹೇಳಿ, ನಗೋಣ" ಅನ್ನುತ್ತೇನೆ.

ಇನ್ನು ಮಗಳ ವಿಷಯ. ಅವಳಿಗೆ ಇಪ್ಪತ್ಮೂರು. ಬೈಕ್ ಓಡಿಸಲು ಕಲಿಸಿದವಳು ನಾನೇ, ಆಮೇಲೆ ಯಾಕಾದರೂ ಕಲಿಸಿದೆನೋ ಎಂದು ತಲೆ ಚಚ್ಚಿಕೊಂಡವಳೂ ನಾನೇ. ಕಳೆದ ತಿಂಗಳು ಒಂದು ದಿನ ಊಟಕ್ಕೆ ಕೂತಾಗ, "ಅಮ್ಮಾ, ನಂಗೆ ಬ್ಲಡ್ ಬ್ಯಾಂಕಲ್ಲಿ ಕೆಲಸ ಸಿಕ್ತು" ಎಂದಳು. ಸಂತೋಷವೇ ಆಯಿತು. ಬಿಳಿ ಕೋಟು ಹಾಕಿ ಮೇಜಿನ ಹಿಂದೆ ಕೂರುವ ಕೆಲಸ ಅಂದುಕೊಂಡೆ. ಕೆದಕಿ ಕೇಳಿದಾಗ ಗೊತ್ತಾಯಿತು, ರಕ್ತದ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಊರಿನ ಆಸ್ಪತ್ರೆಗಳಿಗೆ ಮುಟ್ಟಿಸಿ ಬರುವ ಕೆಲಸ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ಮಳೆಯಿರಲಿ ಬಿಸಿಲಿರಲಿ.

"ಬೇಡ," ಎಂದೆ.

"ಯಾಕೆ?"

"ರಸ್ತೆ ಮೇಲೆ ಎಂಥೆಂಥವರು ಓಡಾಡ್ತಾರೆ ಗೊತ್ತಾ? ಅರ್ಧ ಜನಕ್ಕೆ ಕಲಿಸಿದವಳೇ ನಾನು!"

ಎರಡು ವಾರ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು, ಯಾವುದಕ್ಕೂ ಗಡಿಬಿಡಿಯಿಲ್ಲ. "ಇಬ್ಬರೂ ಒಂದೇ ಅಚ್ಚು" ಎಂದು ಹೇಳಿ ಭೂತಗನ್ನಡಿ ಕಣ್ಣಿಗೇರಿಸಿಕೊಂಡರು. ಕೊನೆಗೆ ನಾನೇ ಒಂದು ಒಪ್ಪಂದಕ್ಕೆ ಬಂದೆ. ರೇಸ್ ಟ್ರ್ಯಾಕಿನಲ್ಲಿ ತಿಂಗಳಿಗೊಂದು ದಿನ ನಮ್ಮ ನಿಮ್ಮಂಥವರಿಗೂ ಬೈಕ್ ಓಡಿಸಲು ಬಿಡುತ್ತಾರೆ. ಅಲ್ಲಿಗೆ ಇಬ್ಬರೂ ನಮ್ಮ ನಮ್ಮ ಬೈಕಿನಲ್ಲಿ ಹೋಗುವುದು. ಇಡೀ ದಿನ ಅವಳು ನನ್ನ ಕಣ್ಣೆದುರು ಓಡಿಸಬೇಕು. ಬೀಳದೆ ಮುಗಿಸಿದರೆ ನಾನು ಬಾಯಿ ಹೊಲಿದುಕೊಳ್ಳುತ್ತೇನೆ. ಬಿದ್ದರೆ ಆ ಕೆಲಸದ ಹೆಸರೆತ್ತಬಾರದು. ಮಗಳು ಒಂದು ಕ್ಷಣವೂ ಯೋಚಿಸದೆ "ಆಯ್ತು" ಎಂದಳು. ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ನಾವು ಟ್ರ್ಯಾಕಿಗೆ ಹೋದದ್ದು ಶನಿವಾರ.

ಬೆಳಿಗ್ಗೆ ಏಳಕ್ಕೇ ಅಲ್ಲಿದ್ದೆವು. ಬಿದ್ದರೆ ಗಾಜು ಚೆಲ್ಲದಿರಲಿ ಎಂದು ಹೆಡ್‌ಲೈಟಿಗೆ ಟೇಪ್ ಅಂಟಿಸಿದರು, ಕನ್ನಡಿಗಳನ್ನು ಬಿಚ್ಚಿಸಿದರು. ಕನ್ನಡಿಯಿಲ್ಲದ ನನ್ನ ಬೈಕ್ ನೋಡಿದರೆ ಕಿವಿ ಕಿತ್ತಿಟ್ಟಂತೆ ಕಾಣುತ್ತಿತ್ತು. "ಹಿಂದೆ ನೋಡೋದು ಹೇಗೆ?" ಎಂದು ಕೇಳಿದೆ.

ಅಲ್ಲಿನ ಕೋಚ್ ಅರವತ್ತು ದಾಟಿದ, ಸಣಕಲು ದೇಹದ ಮನುಷ್ಯ. "ನೋಡೋದೇ ಇಲ್ಲ ಮೇಡಂ," ಎಂದರು. "ಹಿಂದೆ ಯಾರು ಬರ್ತಿದ್ದಾರೆ ಅನ್ನೋದು ನಿಮ್ಮ ತಲೆನೋವಲ್ಲ. ದಾಟಿ ಹೋಗೋದು ಹಿಂದಿನವರ ಜವಾಬ್ದಾರಿ. ನಿಮ್ಮ ಕಣ್ಣು ಮುಂದಿನ ತಿರುವಿನ ಮೇಲಿರಲಿ. ಕಣ್ಣು ಎಲ್ಲಿಗೆ ಹೋಗುತ್ತೋ ಗಾಡಿನೂ ಅಲ್ಲಿಗೇ ಹೋಗುತ್ತೆ."

ಇದನ್ನು ನನಗೆ ಹೇಳುತ್ತಾರಲ್ಲ ಅನ್ನಿಸಿತು. ಇನ್ನೂ ಎರಡು ನಿಯಮ ಹೇಳಿದರು. ಯಾರಾದರೂ ಬಿದ್ದರೆ ಉಳಿದವರು ನಿಲ್ಲಿಸಬಾರದು, ನೋಡಿಕೊಳ್ಳಲು ತಿರುವಿಗೊಬ್ಬರು ಬಾವುಟದವರು ಇದ್ದಾರೆ. ಮತ್ತೆ, ಬಿದ್ದವರು ಸಂಜೆ ಚಹಾದ ಹೊತ್ತಿಗೆ ಎಲ್ಲರೆದುರು ಎದ್ದು ನಿಂತು ಯಾಕೆ ಬಿದ್ದೆ ಎಂದು ಹೇಳಬೇಕು, ಉಳಿದವರಿಗೂ ಪಾಠವಾಗಲಿ ಎಂದು. ಭಲೇ ಒಳ್ಳೆಯ ಪದ್ಧತಿ, ನಮ್ಮ ಸ್ಕೂಲಿಗೂ ತರಬೇಕು ಅಂದುಕೊಂಡೆ.

ಐದನೇ ತಿರುವಿನ ಬಾವುಟದವನು ನನ್ನನ್ನು ನೋಡಿದ್ದೇ ಓಡಿ ಬಂದ. "ಮೇಡಂ! ಗುರುತು ಸಿಕ್ತಾ?" ಸಿಗದೆ ಏನು? ನನ್ನ ಹಳೆಯ ವಿದ್ಯಾರ್ಥಿ. ಮೂರು ತಿಂಗಳು ಎರಡನೇ ಗೇರಿಗೇ ಹೋಗದ ಮಹಾನುಭಾವ, ನಾನಿಟ್ಟ ಹೆಸರು ಫಸ್ಟ್‌ಗೇರ್. ಈಗ ನಲವತ್ತಾಗಿದೆ, ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ, ರಜೆಯಲ್ಲಿ ಇಲ್ಲಿ ಬಂದು ಬಾವುಟ ಹಿಡಿಯುತ್ತಾನೆ. "ಬೆಳಿಗ್ಗೆ ನನ್ನ ತಿರುವನ್ನ ನಾನೇ ಗುಡಿಸಿದ್ದೀನಿ ಮೇಡಂ, ಕೂತು ಊಟ ಮಾಡಬಹುದು," ಎಂದು ಹಲ್ಲು ಬಿಟ್ಟ.

ಮೊದಲ ಸುತ್ತಾಟ ಇಪ್ಪತ್ತು ನಿಮಿಷ. ಮಗಳನ್ನು ಮುಂದೆ ಬಿಟ್ಟು ನಾನು ಹಿಂದೆ ಹೋದೆ. ಎರಡು ಸುತ್ತು ಚೆನ್ನಾಗಿಯೇ ಕಂಡಳು. ಮೂರನೆಯದರಲ್ಲಿ ಅಂತರ ಹೆಚ್ಚಿತು. ನಾಲ್ಕನೆಯದರಲ್ಲಿ ಅವಳ ನೀಲಿ ಹೆಲ್ಮೆಟ್ ಒಂದು ತಿರುವಿನಾಚೆ ಹೋದದ್ದು ಮತ್ತೆ ಸಿಗಲೇ ಇಲ್ಲ. ನನ್ನದು ದೊಡ್ಡ ಎಂಜಿನ್, ಅವಳದು ನನ್ನದರ ಅರ್ಧ. ನಾನು ಆಕ್ಸಿಲರೇಟರ್ ಎಷ್ಟು ತಿರುಚಿದರೂ ಖಾಲಿ ಟ್ರ್ಯಾಕೇ ಎದುರಿಗೆ.

"ಈ ಸಲ ನಾನು ಮುಂದೆ ಹೋಗ್ತೀನಿ," ಎಂದೆ ವಾಪಸು ಬಂದ ಮೇಲೆ. "ನೀನು ನನ್ನ ಹಿಂದೇನೇ ಬಾ."

"ನನ್ನನ್ನ ನೋಡಬೇಕಾದವಳು ನೀನು ತಾನೇ? ಮುಂದೆ ಹೋದ್ರೆ ಏನು ಕಾಣುತ್ತೆ?"

"ಹೇಳಿದಷ್ಟು ಮಾಡೇ."

ಎರಡನೇ ಸುತ್ತಾಟ ಶುರುವಾಯಿತು. ಹಿಂದೆ ಅವಳಿದ್ದಾಳೋ ಇಲ್ಲವೋ? ಕಣ್ಣು ಮತ್ತೆ ಮತ್ತೆ ಕನ್ನಡಿ ಇರಬೇಕಾದ ಜಾಗಕ್ಕೆ ಹೋಗುತ್ತಿತ್ತು, ಅಲ್ಲಿ ಬರೀ ಬೋಳು ಹ್ಯಾಂಡಲ್. ಒಂದು ಸುತ್ತು ತಡೆದುಕೊಂಡೆ. ಇನ್ನೊಂದು ಸುತ್ತು ಹಲ್ಲು ಕಚ್ಚಿ ತಡೆದುಕೊಂಡೆ. ಮೂರನೇ ಸುತ್ತಿನಲ್ಲಿ, ಐದನೇ ತಿರುವಿಗೆ ಬೈಕ್ ವಾಲಿಸಿ, ಕತ್ತು ತಿರುಗಿಸಿ ಹಿಂದೆ ನೋಡಿಯೇಬಿಟ್ಟೆ. ಒಂದು ಕ್ಷಣ ಅಷ್ಟೇ. ಮತ್ತೆ ಮುಂದೆ ತಿರುಗುವಷ್ಟರಲ್ಲಿ ಟ್ರ್ಯಾಕ್ ಒಂದು ಕಡೆ, ನಾನು ಒಂದು ಕಡೆ. ಮುಂದಿನ ಚಕ್ರ ಹುಲ್ಲಿಗಿಳಿದಿತ್ತು. ಇಪ್ಪತ್ತೊಂದು ವರ್ಷ ಯಾವುದನ್ನು ಮಾಡಬೇಡಿ ಎಂದು ಊರಿಗೆಲ್ಲ ಬಡಿದುಕೊಂಡಿದ್ದೆನೋ ಅದನ್ನೇ ಮಾಡಿದೆ. ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಚುಕಿದೆ.

ದಬಕ್ಕನೆ ಬಿದ್ದೆ. ಬೈಕ್ ನನ್ನನ್ನು ಬಿಟ್ಟು ತನ್ನ ಪಾಡಿಗೆ ಜಾರಿಕೊಂಡು ಹೋಯಿತು. ನಾನು ಬೆನ್ನ ಮೇಲೆ ಹೊರಳಿ ಆಕಾಶ ನೋಡುತ್ತಾ ಮಲಗಿದ್ದಾಗ ಪಕ್ಕದಲ್ಲೇ ಒಂದು ಸಣ್ಣ ಎಂಜಿನ್ನಿನ ಸದ್ದು ಬಂತು, ಒಂದು ಕ್ಷಣ ತಗ್ಗಿತು, ಮತ್ತೆ ಮುಂದೆ ಹೋಯಿತು. ನನ್ನ ಮಗಳು!

ಫಸ್ಟ್‌ಗೇರ್ ಹಳದಿ ಬಾವುಟ ಬೀಸುತ್ತಾ ಓಡಿ ಬಂದ. "ಅಯ್ಯೋ, ಮೇಡಂ, ನೀವಾ?" ಬಲಗೈ ಮಣಿಕಟ್ಟು ಆಗಲೇ ಊದತೊಡಗಿತ್ತು. ಬೈಕಿನ ಟ್ಯಾಂಕ್ ತಗ್ಗಾಗಿ, ಹ್ಯಾಂಡಲ್ ಬಾಗಿ, ಕ್ಲಚ್ ಹಿಡಿ ಮುರಿದಿತ್ತು. ಅಷ್ಟರಲ್ಲಿ ಜೀಪಿನಲ್ಲಿ ಕೋಚ್ ಬಂದರು. ಮೊದಲು ತಲೆ, ಕತ್ತು, ಬೆನ್ನು ಎಲ್ಲ ವಿಚಾರಿಸಿದರು. ಆಮೇಲೆ ಮೆಲ್ಲಗೆ, "ಏನಾಯ್ತು ಮೇಡಂ?" ಎಂದರು.

"ಧೂಳು," ಎಂದೆ.

ನನ್ನ ಬಾಯಿಂದ ಅದು ಹೇಗೆ ಬಂತೋ ದೇವರಾಣೆಗೂ ಗೊತ್ತಿಲ್ಲ. ಕೋಚ್ ತಿರುಗಿ ಫಸ್ಟ್‌ಗೇರನ್ನು ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ, ನನ್ನ ಮುಖ ನೋಡಿ ನುಂಗಿಕೊಂಡ. "ಇರಬಹುದು ಸಾರ್. ನನ್ನ ಕಣ್ಣಿಗೆ ಬಿದ್ದಿಲ್ಲ. ಇನ್ನೊಂದ್ಸಲ ಗುಡಿಸ್ತೀನಿ," ಎಂದ.

ಚಿಕಿತ್ಸೆಯ ಕೋಣೆಯಲ್ಲಿ ಒಂದು ಮಂಚ, ಒಂದು ಬೀರು, ಟ್ರ್ಯಾಕಿನ ಕಡೆಗೊಂದು ಕಿಟಕಿ. ನರ್ಸ್ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಾಗ ಕಿಟಕಿಯಾಚೆ ನೋಡಿದೆ. ನೆತ್ತಿ ಸುಡುವ ಬಿಸಿಲಿನಲ್ಲಿ ಫಸ್ಟ್‌ಗೇರ್ ಬಗ್ಗಿಕೊಂಡು ಐದನೇ ತಿರುವನ್ನು ಈ ಕೊನೆಯಿಂದ ಆ ಕೊನೆವರೆಗೆ ಪೊರಕೆ ಹಾಕಿ ಗುಡಿಸುತ್ತಿದ್ದ. ಇಲ್ಲದ ಧೂಳನ್ನು. ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿಕೊಂಡೆ.

ಬಾಗಿಲು ತಳ್ಳಿಕೊಂಡು ಮಗಳು ಬಂದಳು. ನನಗೆ ಸಿಟ್ಟೇ ಮೊದಲು ಬಂತು. "ಹೆತ್ತ ತಾಯಿ ಬಿದ್ದಿದ್ದಾಳೆ, ನಿಲ್ಲಿಸದೆ ಹೋದೆಯಲ್ಲೇ!"

"ನಿಲ್ಲಿಸಿದ್ರೆ ಹಿಂದೆ ಬರೋವ್ರು ನಿನ್ನ ಮೇಲೇ ಬರ್ತಿದ್ರಮ್ಮ," ಎಂದಳು. ಮುಖ ಬಿಳುಚಿಕೊಂಡಿತ್ತು. "ನೀನು ಕೈ ಆಡಿಸಿದ್ದು ನೋಡಿದೆ, ಹೋದೆ. ಪೂರ್ತಿ ಸುತ್ತು ಮುಗಿಸಿ ಬಂದು, ಬೈಕ್ ಸ್ಟ್ಯಾಂಡ್ ಹಾಕಿ, ಅಲ್ಲೇ ಕೂತು ಅತ್ತೆ."

ಅವಳು ಮಂಚದ ತುದಿಯಲ್ಲಿ ಕೂತು ನನ್ನ ಕೈಯ ಪಟ್ಟಿಯನ್ನು ಮುಟ್ಟಿ ನೋಡಿದಳು. ಆಮೇಲೆ, "ಧೂಳಿಗೆ ಬಿದ್ಯಂತೆ?" ಎಂದಳು.

"ಹೂಂ."

"ಗುಡಿಸಿಟ್ಟ ಟ್ರ್ಯಾಕಲ್ಲಿ, ಚಿಟಿಕೆ ಧೂಳಿಗೆ, ನಿನ್ನಂಥವಳೇ ಬಿದ್ದೆ. ಊರಿನ ರಸ್ತೆ ಪೂರ್ತಿ ಧೂಳೇ ಅಲ್ವಾ? ಅಲ್ಲಿ ನಾನು ಯಾವ ಲೆಕ್ಕ? ಪೆಟ್ಟಿಗೇಲಿರೋದು ಯಾರೋ ಕಾಯ್ತಿರೋ ರಕ್ತ ಬೇರೆ." ಅವಳು ಮೂಗೊರೆಸಿಕೊಂಡಳು. "ಬಿಡು. ನೀನು ಹೇಳಿದ್ದೇ ಸರಿ. ಸೋಮವಾರ ಬರಲ್ಲ ಅಂತ ಅವರಿಗೆ ಹೇಳಿಬಿಡ್ತೀನಿ."

ಎರಡು ವಾರ ಮಾತು ಬಿಟ್ಟರೂ ಸಿಗದಿದ್ದದ್ದು ತಾನಾಗಿ ಮಡಿಲಿಗೆ ಬಿತ್ತು. ಸುಮ್ಮನಿದ್ದರೆ ಸಾಕು, ನಾನು ಗೆದ್ದಂತೆಯೇ. "ನಿನ್ನಿಷ್ಟ," ಎಂದೆ. ಅವಳು ಮೊಬೈಲ್ ಹಿಡಿದು ಹೊರಗೆ ಹೋದಳು. ಮಧ್ಯಾಹ್ನದ ಸುತ್ತಾಟಕ್ಕೂ ಇಳಿಯಲಿಲ್ಲ.

ಅಷ್ಟರಲ್ಲಿ ಗಂಡನ ಫೋನ್. "ಮಗಳು ಬಿದ್ಲಾ?"

"ಇಲ್ಲ."

"ಸದ್ಯ. ಮತ್ತೆ ನಿನ್ನ ದನಿ ಯಾಕೆ ಹೀಗಿದೆ?"

"ನಾನು ಬಿದ್ದೆ."

ಅವರು ಗಾಬರಿಯಾಗಿ ಹತ್ತು ಪ್ರಶ್ನೆ ಕೇಳಿದರು. ಬರೀ ಕೈ ಉಳುಕಿದ್ದು ಎಂದು ಖಾತ್ರಿಯಾದ ಮೇಲೆ ಒಂದು ಸಲ ಕಿಸಕ್ಕೆಂದು ನಕ್ಕು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು. "ಅವಳು ಕೆಲಸಕ್ಕೆ ಹೋಗಲ್ವಂತೆ," ಎಂದೆ.

"ಓ," ಎಂದರು. ಆಮೇಲೆ, "ಸರಿ ಬಿಡು, ನಿಂಗೆ ಸಮಾಧಾನ ಆಯ್ತಲ್ಲ," ಎಂದರು.

ಎಲ್ಲಿಯ ಸಮಾಧಾನ? ಆ ಹುಡುಗಿಯ ಧೈರ್ಯ ನಾನು ಇಪ್ಪತ್ಮೂರು ವರ್ಷ ಸಾಕಿದ್ದು. ಒಂದು ಸುಳ್ಳಿಗೆ ಅದನ್ನು ಮಣ್ಣುಪಾಲು ಮಾಡಿ ಕೂತಿದ್ದೆ. ಅವಳು ಮರದ ಕೆಳಗೆ ಒಬ್ಬಳೇ ಮೊಬೈಲ್ ನೋಡುತ್ತಾ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ಹೋಗಿ ಹೇಳೋಣವೆಂದು ಎರಡು ಸಲ ಎದ್ದೆ. ಎರಡು ಸಲವೂ, ಅವಳು ಮನೆಯಲ್ಲಿ ಸುರಕ್ಷಿತವಾಗಿರುತ್ತಾಳಲ್ಲ ಎಂದುಕೊಂಡು ಮತ್ತೆ ಕೂತೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಐದಕ್ಕೆ ಚಹಾ. ನಲವತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಆ ದಿನ ಬಿದ್ದವರು ಇಬ್ಬರೇ. ಮೊದಲು ಎದ್ದವನು ಬೇಕರಿಯವನು, ಹೊಟ್ಟೆ ಕುಣಿಸುತ್ತಾ ನಕ್ಕ. "ಮುಂದೆ ಹೋಗ್ತಿದ್ದೋನು ನನ್ನ ಭಾಮೈದ. ಅವನನ್ನ ದಾಟಲೇಬೇಕು ಅಂತ ಬ್ರೇಕ್ ಹಾಕೋದು ಮರೆತೆ." ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಎದ್ದೆ. ಮಗಳು ಎರಡನೇ ಸಾಲಿನಲ್ಲಿದ್ದಳು. ಫಸ್ಟ್‌ಗೇರ್ ಹಿಂದೆ ಗೋಡೆಗೊರಗಿ ನಿಂತಿದ್ದ, ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು. ನನ್ನ ಕಷ್ಟ ತಪ್ಪಿಸಲೆಂದೋ ಏನೋ ಕೋಚ್ ತಾವೇ ಶುರು ಮಾಡಿದರು, "ಮೇಡಂ ಬಿದ್ದದ್ದು ಐದನೇ ತಿರುವಲ್ಲಿ. ಅಲ್ಲಿ ಸ್ವಲ್ಪ ಧೂಳು..."

"ಧೂಳಿರಲಿಲ್ಲ," ಎಂದೆ.

ಕೋಚ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅಗೋ, ಹಿಂದೆ ಗೋಡೆಗೊರಗಿ ನಿಂತಿದ್ದಾನಲ್ಲ, ಅವನು ಬೆಳಿಗ್ಗೆ ಗುಡಿಸಿದ್ದ. ಲಕಲಕ ಅಂತಿತ್ತು. ನಾನು ಸುಳ್ಳು ಹೇಳಿದೆ, ಪಾಪ ಅವನು ಬಿಸಿಲಲ್ಲಿ ಇನ್ನೊಂದ್ಸಲ ಗುಡಿಸಿದ. ನಾನು ಹಿಂದೆ ತಿರುಗಿ ನೋಡಿದೆ, ಅದಕ್ಕೇ ಬಿದ್ದೆ. ನೋಡಬೇಡಿ ಅಂತ ನೀವು ಬೆಳಿಗ್ಗೇನೇ ಹೇಳಿದ್ರಿ. ಆದ್ರೂ ನೋಡಿದೆ. ಮಗಳು ಬರ್ತಿದ್ದಾಳಾ ಅಂತ."

ಕೋಚ್ ನನ್ನನ್ನೇ ನೋಡುತ್ತಿದ್ದರು. "ಬರ್ತಿದ್ರಾ?" ಎಂದರು.

"ಬರ್ತಿದ್ಲು," ಎಂದೆ. "ನನಗಿಂತ ಚೆನ್ನಾಗಿ ಬರ್ತಿದ್ಲು."

ಅಷ್ಟು ಹೇಳಿ ಕೂತೆ. ಮೊದಲು ಚಪ್ಪಾಳೆ ತಟ್ಟಿದವನು ಫಸ್ಟ್‌ಗೇರ್. ಆಮೇಲೆ ಎಲ್ಲರೂ ತಟ್ಟಿದರು.

ಮಗಳು ಮಾತ್ರ ತಟ್ಟಲಿಲ್ಲ. ಎದ್ದು ಬಂದು ನನ್ನೆದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಆರು ಗಂಟೆ ಹೊತ್ತು ನನ್ನ ಹೊಟ್ಟೆ ಉರಿಸಿದೆಯಲ್ಲ, ನಿಂಗೇನಾದ್ರೂ ಅನ್ಸುತ್ತಾ? ಇನ್ಮೇಲೆ ಬೈಕೇ ಬೇಡ ಅಂತ ಕೂತಿದ್ದೆ ನಾನು!"

"ಹೇಳಿಬಿಟ್ಯಾ ಅವರಿಗೆ?" ಎಂದೆ.

ಅವಳು ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು. ಸೋಮವಾರ ಬರಲು ಆಗುವುದಿಲ್ಲ, ದಯವಿಟ್ಟು ಕ್ಷಮಿಸಿ. ಟೈಪ್ ಮಾಡಿತ್ತು, ಕಳಿಸಿರಲಿಲ್ಲ.

"ಕಳಿಸೋಕೆ ಕೈ ಬರಲಿಲ್ಲ," ಎಂದಳು. "ತಗೋ. ನೀನೇ ಅಳಿಸು."

"ನಂಗೆ ಇನ್ನೂ ಭಯ ಇದೆ ಕಣೇ."

"ನಂಗೂ ಇದೆ. ಅಳಿಸು."

ಬಲಗೈಗೆ ಪಟ್ಟಿಯಿತ್ತು. ಎಡಗೈ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಅಳಿಸಿದೆ.