‘ಮೇಲಿನದೇ’ ಎಂಬ ಪದವನ್ನು ತೆಗೆದ ದಿನ

ಬೆಳಗಿನ ಶಿಫ್ಟಿಗೆ ಹೋಗಬೇಕಿದ್ದ ಬಂಡ್ರಿಯ ಅರ್ಧ ಜನ ಬಸ್ಸಿಲ್ಲದೆ ರಸ್ತೆಯಲ್ಲೇ ನಿಂತರು ಎಂಬ ಸುದ್ದಿ ಬಂದಾಗ, ಹೊಸಪೇಟೆಯ ನಮ್ಮ ಆಫೀಸಿನಲ್ಲಿ ಎಲ್ಲರೂ ಹೊನ್ನೂರುಸ್ವಾಮಿಯ ಕಡೆ ತಿರುಗಿದರು. ತೋರಣಗಲ್ಲಿನ ಕಾರ್ಖಾನೆಗೆ ಜನರನ್ನು ಒಯ್ಯುವ ಖಾಸಗಿ ಬಸ್ಸುಗಳನ್ನು ಯಾವ ಊರಿಗೆ ಯಾವುದು ಎಂದು ಕಂಪ್ಯೂಟರಿನಲ್ಲಿ ಬರೆದು ಕಳಿಸುವವನು ಅವನೇ. ಅವನ ಸ್ವಂತ ಊರೂ ಬಂಡ್ರಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ದ್ಯಾಮಕ್ಕ, ಅವನನ್ನು ಎತ್ತಿ ಆಡಿಸಿದವಳು, ಫೋನು ಮಾಡಿ, “ಕುರ್ಚಿ ಸಿಕ್ಕಮ್ಯಾಲ ಊರು ಮರ್ತಿ ಏನಲೇ” ಎಂದು ಕೇಳಿ ಇಟ್ಟುಬಿಟ್ಟಿದ್ದಳು. ಬಸ್ಸುಗಳ ಮಾಲೀಕರಾದ ವಿರೂಪಾಕ್ಷಪ್ಪನವರಂತೂ, ನಾಳೆಯಿಂದ ಇವನನ್ನು ಕಂಪ್ಯೂಟರಿನಿಂದ ಎಬ್ಬಿಸಿ ಬಸ್ಸು ತೊಳೆಯಲು ಹಾಕಿ ಎಂದು ಹೇಳಿ ಹೋದರು. ಹೊನ್ನೂರುಸ್ವಾಮಿ ತಲೆಯಾಡಿಸಿ ಕುರ್ಚಿ ಬಿಟ್ಟು ಎದ್ದ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಯಾಕೆಂದರೆ ತಪ್ಪು ಅವನದಲ್ಲ, ಭಾಷೆಯದು. ನಮ್ಮ ಆಫೀಸಿನ ಶಂಭುಲಿಂಗ ಸರ್ ಬಸ್ಸುಗಳಿಗೆಂದೇ ಕನ್ನಡದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಭಾಷೆ ಕಟ್ಟಿದ್ದರು. ಬಸ್ಸಿನ ನಂಬರು ಬರೆದು ಮುಂದೆ ಊರಿನ ಹೆಸರು ಬರೆದರೆ ಸಾಕು, ಡ್ರೈವರು, ಡೀಸೆಲು, ಹೊರಡುವ ವೇಳೆ ಎಲ್ಲವನ್ನೂ ಹೊಂದಿಸಿ ಯಂತ್ರ ಬಸ್ಸಿಗೊಂದು ಚೀಟಿ ಉಗುಳುತ್ತಿತ್ತು. ಓದು ಮುಗಿಸಿ ಬಂದ ನನಗೆ ಅದನ್ನು ಮೊದಲ ಸಲ ನೋಡಿದಾಗ ಕುಣಿಯುವ ಹಾಗಾಗಿತ್ತು. ಆದರೆ ಅದರಲ್ಲೊಂದು ಪದವಿತ್ತು: ‘ಮೇಲಿನದೇ’. ಮೇಲಿನ ಸಾಲಿನ ಬಸ್ಸು ಯಾವ ಊರಿಗೋ ಇದೂ ಆ ಊರಿಗೇ ಎಂದರ್ಥ. ಬರೆಯುವ ಶ್ರಮ ಉಳಿಯುತ್ತದೆಂದು ಸರ್‌ಗೆ ಅದು ಭಾರಿ ಮುದ್ದು.

ಗಣಿ, ಕಾರ್ಖಾನೆ ಎರಡಕ್ಕೂ ದಿನಬೆಳಗಾದರೆ ಹೊಸಬರು ಸೇರುತ್ತಿದ್ದ ಕಾಲ ಅದು. ಇವತ್ತಿನ ಪಟ್ಟಿ ನಾಳೆಗೆ ಆಗುತ್ತಿರಲಿಲ್ಲ. ಪಟ್ಟಿಯಲ್ಲಿ ಮೊದಲ ಬಸ್ಸು ಬಂಡ್ರಿಗೆ, ಅದರ ಕೆಳಗಿನದು ‘ಮೇಲಿನದೇ’ ಎಂದಿತ್ತು. ಹಿಂದಿನ ಸಂಜೆ ಕಂಪ್ಲಿಗೆ ಇನ್ನೊಂದು ಬಸ್ಸು ಬೇಕೆಂದಾಗ ಹೊನ್ನೂರುಸ್ವಾಮಿ ಅವೆರಡರ ನಡುವೆ ಕಂಪ್ಲಿಯ ಸಾಲು ಸೇರಿಸಿದ. ಬಂಡ್ರಿಯ ಸಾಲುಗಳನ್ನು ಮುಟ್ಟಲೇ ಇಲ್ಲ. ಆದರೂ ಎರಡನೆಯ ಬಸ್ಸಿಗೆ ಈಗ ಮೇಲಿದ್ದದ್ದು ಕಂಪ್ಲಿ. ಅದು ಸೀದಾ ಕಂಪ್ಲಿಗೆ ಹೋಗಿ ನಿಂತಿತು.

“ಸರ್, ಆ ಪದ ತಗದ್ಬಿಡ್ರಿ” ಎಂದೆ.

“ಕೆಳಗಿನ ಸಾಲು ನೋಡಿ ಬರೀಬೇಕಿತ್ತು ಅವ. ಪದ ಏನು ಮಾಡೇತಿ ಗಂಗಾಂಬಿಕಾ?”

ವಾದ ಮಾಡಿದರೆ ಅವರು ಜಗ್ಗುವವರಲ್ಲ. ಮಧ್ಯಾಹ್ನದ ಶಿಫ್ಟಿನ ಪಟ್ಟಿಯನ್ನು ಅವರ ಮುಂದೆ ತೆರೆದಿಟ್ಟೆ. ಕಮಲಾಪುರಕ್ಕೊಂದು ಬಸ್ಸು ಹೆಚ್ಚು ಮಾಡಬೇಕು ಎಂದೆ. ಸರ್ ಕೆಳಗಿನ ಸಾಲನ್ನು ಎರಡೆರಡು ಸಲ ನೋಡಿ, ಸಂಡೂರಿನ ಎರಡು ಸಾಲುಗಳ ಮೇಲೆ ಅದನ್ನು ಸೇರಿಸಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು. “ಸಂಡೂರಿನ ಮೊದಲ್ನೇ ಬಸ್ಸು ಗ್ಯಾರೇಜಿನಾಗ ಐತ್ರಿ, ಅದನ್ನ ತಗೀರಿ” ಎಂದೆ. ಟಕ್ಕೆಂದು ಆ ಸಾಲನ್ನು ಅಳಿಸಿದರು. ಚೀಟಿಗಳು ಹೊರಬಂದವು. ‘ಮೇಲಿನದೇ’ ಎಂದಿದ್ದ ಸಂಡೂರಿನ ಎರಡನೆಯ ಬಸ್ಸೂ ಚೀಟಿಯಲ್ಲಿ ಕಮಲಾಪುರಕ್ಕೇ ಹೊರಟು ನಿಂತಿತ್ತು.

ಸರ್ ಚೀಟಿಯನ್ನು ನೋಡಿದರು, ಪರದೆಯನ್ನು ನೋಡಿದರು. ಈಗ ರೇಗುತ್ತಾರೆ ಎಂದುಕೊಂಡು ನಾನೂ ಸೊಂಟ ಕಟ್ಟಿ ನಿಂತಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಲೇ ಹೊನ್ನೂರಾ, ಮಾಡಿದವ್ನಿಗೇ ಟೋಪಿ ಹಾಕ್ತಲ್ಲೋ ಇದು.”

ಆಮೇಲೆ ನೋಡಬೇಕಿತ್ತು ನಮ್ಮ ಆಫೀಸನ್ನು. ನಾನು ಆ ಪದವನ್ನು ಈಗಿಂದೀಗಲೇ ಕಿತ್ತೆಸೆಯೋಣ ಎಂದೆ. ಸರ್ ತಡೆದರು.

“ಬ್ಯಾಡ. ಹಂಗ ಕಿತ್ರ ಹಳೇ ಪಟ್ಟಿ ಒಂದೂ ಓಡಂಗಿಲ್ಲ, ಮಧ್ಯಾಹ್ನದ ಬಸ್ ಎಲ್ಲಾ ಇಲ್ಲೇ ನಿಲ್ತಾವ. ಸದ್ಯಕ್ಕ ಆ ಪದ ಬಂದ ಕೂಡ್ಲೇ ಯಂತ್ರ ನಿಂತು ಕೇಳ್ಲಿ, ಯಾವ ಊರು ಅಂತ. ಹೇಳಿದ್ದನ್ನ ಅಲ್ಲೇ ಬರಕೊಳ್ಳಲಿ. ದಸರಾ ಹೊತ್ತಿಗೆ ಹಳೇ ಪಟ್ಟಿ ಎಲ್ಲಾ ಸರಿ ಆಗಿರ್ತಾವ, ಆಮ್ಯಾಲ ಆ ಪದಾನ ಒಪ್ಕೊಳ್ಳೋದು ಬ್ಯಾಡ.”

ಎಂಥ ಉಪಾಯ ಅನ್ನಿಸಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಸರ್ ಬರೆಯುತ್ತಾ ಹೋದರು, ನಾನು ಹಿಂದಿನಿಂದ ತಪ್ಪು ಹಿಡಿಯುತ್ತಾ ಹೋದೆ. ಹೊರಗೆ ಡ್ರೈವರುಗಳು ಹಾರನ್ ಬಾರಿಸಿ ಕಿವಿ ತೂತು ಮಾಡುತ್ತಿದ್ದರು. ತಂದಿಟ್ಟ ಚಹಾ ಹಾಗೇ ಆರಿತು. ಮೊದಲ ಸಲ ಓಡಿಸಿದಾಗ ಯಂತ್ರ ಕಲ್ಲಿನಂತೆ ಕೂತಿತು. ಇನ್ನೊಮ್ಮೆ ಓಡಿಸಿದಾಗ ಪರದೆಯ ಮೇಲೆ ಬಂತು: ‘ಯಾವ ಊರು?’

ನಾನು ಚಪ್ಪಾಳೆ ತಟ್ಟಿದೆ. ಸರ್ ಎದ್ದು, ಹೊನ್ನೂರುಸ್ವಾಮಿಯನ್ನು ಭುಜ ಹಿಡಿದು ಅದೇ ಕುರ್ಚಿಯಲ್ಲಿ ಕೂಡಿಸಿದರು. ಯಂತ್ರ ಕೇಳುತ್ತಾ ಹೋಯಿತು, ಅವನು ಬಾಯಲ್ಲಿ ಅಂದುಕೊಂಡೇ ಬರೆಯುತ್ತಾ ಹೋದ. ಸಂಡೂರು. ಕಂಪ್ಲಿ. ಬಂಡ್ರಿ ಎಂದು ಬರೆದು ಅದನ್ನು ಇನ್ನೊಮ್ಮೆ ಓದಿಕೊಂಡ.

ಚೀಟಿಗಳೆಲ್ಲ ಸರಿಯಾಗಿ ಬಂದವು. ಅವನಿನ್ನು ಆ ಕುರ್ಚಿಯಿಂದ ಏಳುವುದಿಲ್ಲ ಎಂದು ಸರ್ ಮಾಲೀಕರಿಗೆ ಫೋನಿನಲ್ಲಿ ಹೇಳಿದರು. ಮಾಲೀಕರು ಗೊಣಗಿಕೊಂಡೇ ಒಪ್ಪಿದರು. ನನ್ನ ಪಾಲಿಗೆ ಅಲ್ಲಿಗೆ ಗೆದ್ದ ಹಾಗೆಯೇ. ಹೊನ್ನೂರುಸ್ವಾಮಿಯ ಮುಖ ಮಾತ್ರ ಅರಳಲಿಲ್ಲ.

“ಕುರ್ಚಿ ಉಳೀತ್ರಿ ಸರ್. ಊರಾಗ ಹೆಂಗ ಮುಖ ತೋರಿಸ್ಲಿ?” ಎಂದ.

ಸರ್ ಬಂಡ್ರಿಯ ಚೀಟಿಯನ್ನು ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದರು. “ನಡೀರಿ ಇಬ್ರೂ. ಇದೇ ಬಸ್ಸಿನಾಗ ಹೋಗೋಣು.”

ಅದಿರಿನ ಲಾರಿಗಳ ಸಾಲಿನಲ್ಲಿ ತೂರಿಕೊಂಡು ಬಸ್ಸು ಬಂಡ್ರಿ ಮುಟ್ಟಿತು. ಬೆಳಿಗ್ಗೆ ಬಸ್ಸು ತಪ್ಪಿದವರು ಮಧ್ಯಾಹ್ನದ ಶಿಫ್ಟಿಗಾದರೂ ಸೇರಿಕೊಳ್ಳೋಣವೆಂದು ಬಿಸಿಲಿನಲ್ಲಿ ನಿಂತಿದ್ದರು. ಹೊನ್ನೂರುಸ್ವಾಮಿ ಕೊನೆಯ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಸರ್ ಬಾಗಿಲ ಮೆಟ್ಟಿಲಿನಲ್ಲಿ ನಿಂತು ಎರಡೂ ಕೈ ಜೋಡಿಸಿದರು.

“ಮುಂಜಾನೆ ನಿಮ್ಮ ಬಸ್ ತಪ್ಪಿದ್ದು ನನ್ನಿಂದ್ರಿ. ಹೊನ್ನೂರುಸ್ವಾಮಿ ನಿಮ್ಮೂರಿಗೆ ಎರಡೂ ಬಸ್ ಇಟ್ಟಿದ್ದ. ನಾ ಮಾಡಿಟ್ಟ ಮಶೀನು ಅವನ ಮಾತನ್ನ ತಿರುಗಿಸ್ತು. ಅವನ್ನ ಏನೂ ಅನಬ್ಯಾಡ್ರಿ.”

ದ್ಯಾಮಕ್ಕ ಮೊದಲು ಹತ್ತಿದಳು. ಮುಂದಿನ ಸೀಟಿನಲ್ಲಿ ಕೂತು, ತಿರುಗಿ ಹಿಂದೆ ನೋಡಿದಳು.

“ಅಲ್ಲ್ಯಾಕ ಕುಂತಿಯಲೇ ಹೊನ್ನೂರಾ? ಇಲ್ಲಿ ಬಾ.”

ಅವನು ಕಣ್ಣೊರೆಸಿಕೊಂಡು ಎದ್ದು ಬಂದ. ದ್ಯಾಮಕ್ಕ ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಕಿಟಕಿಯ ಕಡೆ ಸರಿದಳು.